ಬೇಕು ಎಷ್ಟು, ಬಹುದು ಎಷ್ಟು?

ನಾವು ಕಲಿತ ಮೊಟ್ಟಮೊದಲ ಇಂಗ್ಲಿಷ್ ವಾಕ್ಯ ‘ಮೆಕಮಿನ್ಸಾರ್’. ಅದು ಒಂದೇ ಪದ ಅಂತ ಬಹಳ ವರ್ಷ ನಂಬಿಕೊಂಡಿದ್ದೆವು. ಕ್ಲಾಸಿನ ಬಾಗಿಲಲ್ಲಿ ನಿಂತು, ಕೈ ಮುಂದೆ ಚಾಚಿ, ಈ ಮಂತ್ರ ಹೇಳಿದರೆ ಮೇಷ್ಟ್ರು ‘ಎಸ್’ ಅಂತಾರೆ, ಒಳಗೆ ಹೋಗಿ ಕೂತ್ಕೋಬಹುದು. ಅಷ್ಟೇ ಗೊತ್ತಿದ್ದದ್ದು. ಅದರೊಳಗೆ ‘ಮೇ’ ಅನ್ನೋ ಒಂದು ಪದ ಇದೆ, ಅದಕ್ಕೆ ಕನ್ನಡದಲ್ಲಿ ‘ಬಹುದು’ ಅಂತಾರೆ ಅನ್ನೋದು ಹೈಸ್ಕೂಲಿಗೆ ಬಂದ ಮೇಲೆ ತಿಳಿಯಿತು. ಆಗ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಪಟ್ಟಿ ಬರೆಸಿದ್ದರು: ಕ್ಯಾನ್ ಅಂದರೆ ಸಾಮರ್ಥ್ಯ, ಮೇ ಅಂದರೆ ಅನುಮತಿ, ಮಸ್ಟ್ ಅಂದರೆ ಕಡ್ಡಾಯ, ಶುಡ್ ಅಂದರೆ ಸಲಹೆ. ಇವುಗಳ ಹೆಸರು ಮೋಡಲ್ ವರ್ಬ್. ಬಾಯಿಪಾಠ ಮಾಡಿದೆವು, ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿದೆವು, ಅಂಕ ತಗೊಂಡೆವು, ಮರೆತೆವು.

ನಾವು ಅಂದರೆ ಇದೇ ಹಾಸ್ಟೆಲ್ಲಿನ ಒಂದೇ ಸಾಲಿನ ರೂಮುಗಳಲ್ಲಿರುವ ನಾಲ್ವರು. ಇಬ್ಬರು ಚಳ್ಳಕೆರೆಯವರು, ಇಬ್ಬರು ಮೊಳಕಾಲ್ಮೂರಿನವರು. ಚಳ್ಳಕೆರೆ ಅಂದರೆ ಶೇಂಗಾ, ಎಣ್ಣೆ ಮಿಲ್ಲು, ಕಂಬಳಿ. ಮೊಳಕಾಲ್ಮೂರು ಅಂದರೆ ರೇಷ್ಮೆ ಸೀರೆ. ಎರಡೂ ಕಡೆ ಮಳೆ ಕಡಿಮೆ, ಬಿಸಿಲು ಜಾಸ್ತಿ. ನಾಲ್ವರೂ ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ. ಈ ಲೇಖನ ಆ ಪಟ್ಟಿಯ ಬಗ್ಗೆ, ಮತ್ತೆ ಆ ಪಟ್ಟಿ ಗೊತ್ತಿದ್ದೂ ನಾವು ಮಾಡಿದ ಒಂದು ತಪ್ಪಿನ ಬಗ್ಗೆ.

ಎರಡನೇ ಸೆಮಿಸ್ಟರಿನಲ್ಲಿ ನಾಯಕನಹಟ್ಟಿ ಜಾತ್ರೆಗೆ ಅಂತ ಊರಿಗೆ ಹೋಗಿದ್ದೆವು. ತೇರು ಮುಗಿಸಿಕೊಂಡು ನಾಲ್ವರೂ ಮೊಳಕಾಲ್ಮೂರಿನ ಗೆಳೆಯನ ಮನೆಯಲ್ಲಿ ಉಳಿದೆವು. ಅವನ ಅಪ್ಪ ನೇಕಾರರು. ನಾವೆಲ್ಲ ಅವರನ್ನು ಅಪ್ಪಾಜಿ ಅಂತಲೇ ಕರೆಯೋದು. ನಡುಮನೆಯಲ್ಲೇ ಗುಂಡಿ ಮಗ್ಗ. ಅವರು ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಲಾಳಿ ಓಡುವ ಸದ್ದಿನಲ್ಲೇ ನಮಗೆ ಬೆಳಗಾಗುತ್ತಿತ್ತು. ಅವತ್ತು ಬೆಳಿಗ್ಗೆ ಸದ್ದು ಬರಲಿಲ್ಲ. ಅಪ್ಪಾಜಿ ಒಂದು ಲಕೋಟೆ ಹಿಡಿದುಕೊಂಡು ಕೂತಿದ್ದರು.

“ಬ್ಯಾಂಕಿಂದ ಬಂದೈತೆ. ನೀವು ನಾಕು ಜನ ಇಂಜಿನಿಯರ್ ಓದೋರು ಇದ್ದೀರಲ್ಲಪ್ಪ, ಅದ್ರಾಗೇನೈತೆ ಹೇಳ್ರಿ.”

ಒಂದೂವರೆ ಪುಟದ ಇಂಗ್ಲಿಷ್ ಪತ್ರ. ಮಗ್ಗದ ಮೇಲೆ ತೆಗೆದ ಸಾಲದ ಎರಡು ಕಂತು ಬಾಕಿ ಇತ್ತು. ನಾವು ನಾಲ್ವರೂ ತಲೆ ಕೂಡಿಸಿ ಓದಿದೆವು. ಮೊದಲ ಪುಟದ ಕೊನೆಯಲ್ಲಿ ಒಂದು ಸಾಲು: ದ ಬ್ಯಾಂಕ್ ಮೇ ಇನಿಷಿಯೇಟ್ ರಿಕವರಿ ಪ್ರೊಸೀಡಿಂಗ್ಸ್. ‘ರಿಕವರಿ’ ಅನ್ನೋ ಪದ ಕಂಡದ್ದೇ ನಮ್ಮ ಎದೆ ಧಸಕ್ಕೆಂದಿತು. “ಬ್ಯಾಂಕಿನವರು ವಸೂಲಿಗೆ ಬರ್ತಾರಂತೆ ಅಪ್ಪಾಜಿ” ಅಂದೆವು. ಎರಡನೇ ಪುಟದಲ್ಲಿ ಇನ್ನೊಂದು ಸಾಲಿತ್ತು: ದ ಬಾರೋವರ್ ಮೇ ಅಪ್ರೋಚ್ ದ ಬ್ರಾಂಚ್ ಫಾರ್ ರೀಶೆಡ್ಯೂಲಿಂಗ್ ವಿದಿನ್ ಥರ್ಟಿ ಡೇಸ್. ಅದನ್ನೂ ಓದಿದೆವು. “ಬ್ರಾಂಚಿಗೆ ಬಂದ್ರೂ ಬರಬಹುದು ಅಂತೇನೋ ಇದೆ, ಅದೇನು ಮುಖ್ಯ ಅಲ್ಲ” ಅಂದುಬಿಟ್ಟೆವು.

ಈಗ ನೋಡಿ ನಾವು ಮಾಡಿದ್ದನ್ನು. ಎರಡು ಸಾಲಿನಲ್ಲೂ ಇದ್ದದ್ದು ಒಂದೇ ‘ಮೇ’. ಮೊದಲನೆಯದನ್ನು ‘ಮಾಡೇ ಮಾಡ್ತಾರೆ’ ಅಂತ ಓದಿದೆವು. ಎರಡನೆಯದನ್ನು ‘ಆದ್ರೆ ಆಯ್ತು ಹೋದ್ರೆ ಹೋಯ್ತು’ ಅಂತ ಓದಿದೆವು. ಹೆದರಿಸುವ ‘ಮೇ’ಯನ್ನು ದೊಡ್ಡದು ಮಾಡಿ, ದಾರಿ ತೋರಿಸುವ ‘ಮೇ’ಯನ್ನು ಸಣ್ಣದು ಮಾಡಿದೆವು.

ನಾವು ಕಾಲೇಜಿಗೆ ವಾಪಸಾದ ಮೂರನೇ ದಿನ ಅಪ್ಪಾಜಿ ಮನೆಯಲ್ಲಿದ್ದ ಐದು ಸೀರೆಗಳನ್ನು ವ್ಯಾಪಾರಿಯೊಬ್ಬರಿಗೆ ಕೊಟ್ಟರು. ಮದುವೆ ಸೀಸನ್ನಿಗೆ ಅಂತ ಎತ್ತಿಟ್ಟಿದ್ದ ಸೀರೆಗಳು. ಮಾರುವವನಿಗೆ ಅರ್ಜೆಂಟ್ ಇದೆ ಅಂತ ಗೊತ್ತಾದರೆ ಕೊಳ್ಳುವವನ ರೇಟು ತಾನಾಗೇ ಇಳಿಯುತ್ತದೆ. ಒಂದೊಂದು ಸೀರೆಗೆ ಎರಡು ಸಾವಿರ ಕಮ್ಮಿ ಸಿಕ್ಕಿತು. ದುಡ್ಡು ತಗೊಂಡು ಬ್ಯಾಂಕಿಗೆ ಹೋದರೆ, ಅಲ್ಲಿದ್ದ ಅಧಿಕಾರಿ ಪತ್ರ ನೋಡಿ, “ಯಾಕಿಷ್ಟು ಅವಸರ ಮಾಡಿದ್ರಿ? ಕಂತು ಮುಂದಕ್ಕೆ ಹಾಕಿಸಿಕೊಳ್ಳೋಕೆ ಅರ್ಜಿ ಕೊಡಬಹುದಿತ್ತಲ್ಲ, ಇಲ್ಲೇ ಬರೆದೈತೆ” ಅಂದರಂತೆ.

ಕೊಡಬಹುದಿತ್ತು. ಆ ಸಂಜೆ ಫೋನಿನಲ್ಲಿ ಗೆಳೆಯನಿಗೆ ಇದನ್ನು ಹೇಳಿ ಅಪ್ಪಾಜಿ ಬೈಯಲಿಲ್ಲ. “ಹೋಗ್ಲಿ ಬಿಡು. ಇನ್ನೊಂದ್ಸಲ ಓದಬೇಕಿತ್ತು ಕಣಪ್ಪ” ಅಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಐದು ಸೀರೆಗೆ ಹತ್ತು ಸಾವಿರ. ನಾಲ್ವರೂ ಆ ರಾತ್ರಿ ಮೆಸ್ಸಿಗೆ ಹೋಗಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಓದು. ಯಾವ ಕ್ಲಾಸೂ ಅಲ್ಲ, ಯಾರೂ ಹೇಳಿಕೊಟ್ಟದ್ದಲ್ಲ. ಹಾಸ್ಟೆಲ್ಲಿನ ಟೆರೇಸ್ ಮೇಲೆ ಒಂದು ವ್ಯಾಕರಣ ಪುಸ್ತಕ, ಒಂದು ನಿಘಂಟು ಇಟ್ಟುಕೊಂಡು, ಈ ಒಂಬತ್ತು ಹತ್ತು ಸಣ್ಣ ಪದಗಳು ಯಾಕೆ ಹೀಗೆ ಆಡಿಸುತ್ತವೆ ಅಂತ ನೋಡೋಣ ಅಂದುಕೊಂಡೆವು. ಮೊದಲು ತಿಳಿದದ್ದು, ನಮ್ಮ ಹೈಸ್ಕೂಲ್ ಪಟ್ಟಿ ತಪ್ಪಲ್ಲ, ಅರ್ಧ ಅನ್ನೋದು. ಪ್ರತಿ ಮೋಡಲ್ ವರ್ಬಿಗೂ ಎರಡು ಕೆಲಸ ಇರುತ್ತದೆ. ಒಂದು, ಜನ ಏನು ಮಾಡಬೇಕು, ಏನು ಮಾಡಬಹುದು ಅಂತ ಹೇಳುವ ಕೆಲಸ. ಇನ್ನೊಂದು, ಏನು ನಡೆದಿರಬೇಕು, ಏನು ನಡೆಯಬಹುದು ಅಂತ ಊಹಿಸುವ ಕೆಲಸ. ‘ಯು ಮಸ್ಟ್ ಗೋ’ ಅಂದರೆ ನೀನು ಹೋಗಬೇಕು. ‘ಹಿ ಮಸ್ಟ್ ಹ್ಯಾವ್ ಗಾನ್’ ಅಂದರೆ ಅವನು ಹೋಗಿರಬೇಕು.

ಇಲ್ಲೇ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ‘ಹೋಗಬೇಕು’, ‘ಹೋಗಿರಬೇಕು’. ಕನ್ನಡದ ‘ಬೇಕು’ ಕೂಡ ಅದೇ ಎರಡು ಕೆಲಸ ಮಾಡುತ್ತಿದೆ! ‘ನೀನು ಒಳಗೆ ಬರಬಹುದು’ ಅನ್ನೋದು ಅನುಮತಿ, ‘ಸಂಜೆ ಮಳೆ ಬರಬಹುದು’ ಅನ್ನೋದು ಊಹೆ. ‘ಮೇ’ ಕೂಡ ಹಾಗೆಯೇ. ಇಷ್ಟು ವರ್ಷ ಇಂಗ್ಲಿಷಿನ ಕಷ್ಟ ಅಂದುಕೊಂಡದ್ದನ್ನು ನಾವು ಮಾತು ಕಲಿತ ದಿನದಿಂದ ಮನೆಯಲ್ಲಿ ಆಡುತ್ತಿದ್ದೆವು. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಅಂತ ಓದಿದ್ದೆವಲ್ಲ, ಮಾಡಲಿ, ಮಾಡನು, ಮಾಡಿಯಾನು? ಒಂದು ಅಂಕದ ಪ್ರಶ್ನೆ ಅಂತ ಓದಿದ್ದು. ‘ಬಂದಾನು ಬಿಡು’ ಅಂತ ನಮ್ಮ ಅಜ್ಜಿ ಹೇಳುವಾಗ ಅದರಲ್ಲಿರುವ ಅರೆನಂಬಿಕೆಗೆ ಇಂಗ್ಲಿಷಿನಲ್ಲಿ ‘ಮೈಟ್’ ಅಂತಾರೆ ಅಂತ ಯಾರೂ ಜೋಡಿಸಿ ತೋರಿಸಿರಲಿಲ್ಲ. ನಮಗೂ ಹೊಳೆದಿರಲಿಲ್ಲ.

ನಿಘಂಟು ತೆರೆದರೆ ಇನ್ನಷ್ಟು ಸಿಕ್ಕಿತು. ಇಂಗ್ಲಿಷಿನ ‘ಕ್ಯಾನ್’ ಹಳೆಯ ಕಾಲದಲ್ಲಿ ‘ತಿಳಿ’ ಅನ್ನೋ ಅರ್ಥದ ಕ್ರಿಯಾಪದವಂತೆ. ತಿಳಿದವನು ಮಾಡಬಲ್ಲ, ಅದಕ್ಕೇ ಅದು ಸಾಮರ್ಥ್ಯದ ಪದವಾಯಿತು. ನಮ್ಮ ‘ಬಲ್ಲೆ’ ಕೂಡ ಅದೇ ಅಲ್ಲವೇ? ‘ಅವನನ್ನು ನಾನು ಬಲ್ಲೆ’ ಅಂದರೆ ಗೊತ್ತು, ‘ಹಾಡಬಲ್ಲೆ’ ಅಂದರೆ ಹಾಡಲು ಆಗುತ್ತದೆ. ‘ವಿಲ್’ ಮೂಲದಲ್ಲಿ ಬಯಸುವುದು. ‘ಶಲ್’ ಮೂಲದಲ್ಲಿ ಸಾಲಗಾರನಾಗಿರುವುದು, ತೀರಿಸಬೇಕಾಗಿರುವುದು. ಇದನ್ನು ಓದಿದಾಗ ಬ್ಯಾಂಕಿನ ಪತ್ರ ನೆನಪಾಗಿ ಯಾರೂ ನಗಲಿಲ್ಲ.

ಇನ್ನು ನಮ್ಮ ‘ಬಹುದು’. ಅದು ‘ಬರು’ ಧಾತುವಿನಿಂದ ಬಂದದ್ದು. ಹಳಗನ್ನಡದ ಬರ್ಪುದು, ಆಮೇಲೆ ಬಪ್ಪುದು, ಆಮೇಲೆ ಬಹುದು. ‘ಬಾರದು’ ಅದರದೇ ನಿಷೇಧ, ಅಂದರೆ ‘ಬರುವುದಿಲ್ಲ’. ನಮ್ಮಲ್ಲಿ ಒಬ್ಬನ ಮನೆಮಾತು ತೆಲುಗು. ಮೊಳಕಾಲ್ಮೂರಿಗೆ ಆಂಧ್ರದ ರಾಯದುರ್ಗ ಮಗ್ಗುಲಲ್ಲೇ ಇದೆ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಎರಡೂ ಭಾಷೆ ಒಟ್ಟಿಗೇ ಓಡಾಡುತ್ತವೆ. ಅವನು ತಟ್ಟನೆ ಅಂದ: “ಅಲೇ, ತೆಲುಗಿನಾಗೂ ಹಂಗೇ ಐತಲ್ಲೋ. ಚೇಯವಚ್ಚು ಅಂದ್ರೆ ಮಾಡಬಹುದು. ವಚ್ಚು ಅಂದ್ರೆ ಬರೋದು. ಚೇಯರಾದು ಅಂದ್ರೆ ಮಾಡಬಾರದು. ರಾದು ಅಂದ್ರೆ ಬರಲ್ಲ!” ಇಪ್ಪತ್ತು ವರ್ಷ ದಿನಾ ಆಡಿದ ಮಾತಿನ ಒಳಗನ್ನು ಅವನು ಅವತ್ತೇ ಮೊದಲು ನೋಡಿದ್ದು. ‘ಕೂಡದು’ ಅಂತೂ ಎರಡೂ ಭಾಷೆಯಲ್ಲಿ ಹಾಗೇ ಇದೆ.

ಹಾಗಾದರೆ ಎಲ್ಲ ಒಂದೇನಾ? ಅಲ್ಲ. ಎಡವುವ ಜಾಗಗಳು ಬೇರೆ ಇವೆ. ಜೂನಿಯರ್‌ಗಳಿಗೆ ಉಪಯೋಗ ಆಗಲಿ ಅಂತ ನಾವು ಬಿದ್ದ ಗುಂಡಿಗಳನ್ನು ಹೇಳುತ್ತೇವೆ.

ಮೊದಲನೆಯದು, ‘ಬೇಕು’ ಅನ್ನೋದರ ವಿರುದ್ಧ ಏನು? ಕನ್ನಡದಲ್ಲಿ ಸ್ಪಷ್ಟವಾಗಿ ಎರಡಿವೆ. ‘ಬರಬೇಕಾಗಿಲ್ಲ’ ಅಂದರೆ ಬರದಿದ್ದರೂ ನಡೆಯುತ್ತದೆ. ‘ಬರಬಾರದು’ ಅಂದರೆ ಬಂದರೆ ತಪ್ಪು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ನೀಡ್ ನಾಟ್’ ಅಥವಾ ‘ಡೋಂಟ್ ಹ್ಯಾವ್ ಟು’, ಎರಡನೆಯದಕ್ಕೆ ‘ಮಸ್ಟ್ ನಾಟ್’. ನಾವು ‘ಮಸ್ಟ್’ಗೆ ‘ನಾಟ್’ ಸೇರಿಸಿದರೆ ‘ಕಡ್ಡಾಯವಲ್ಲ’ ಆಗುತ್ತದೆ ಅಂದುಕೊಂಡಿದ್ದೆವು. ಲ್ಯಾಬ್ ಮ್ಯಾನುಯಲ್ಲಿನಲ್ಲಿ ‘ಮಸ್ಟ್ ನಾಟ್ ಬಿ ಸ್ವಿಚ್ಡ್ ಆನ್’ ಅಂತ ಇದ್ದರೆ ‘ಆನ್ ಮಾಡಲೇಬೇಕು ಅಂತೇನಿಲ್ಲ’ ಅಂತ ಅರ್ಥ ಮಾಡಿಕೊಂಡವನ ಗತಿ ಏನು, ಯೋಚಿಸಿ.

ಎರಡನೆಯದು, ಮೇಲಿಂದ ಮೇಲೆ ಪೇರಿಸುವುದು. ಕನ್ನಡದಲ್ಲಿ ‘ಹೋಗಬೇಕಾಗಬಹುದು’ ಅಂತ ಒಂದೇ ಉಸಿರಿನಲ್ಲಿ ಬೇಕು, ಬಹುದು ಎರಡನ್ನೂ ಕಟ್ಟುತ್ತೇವೆ. ಇಂಗ್ಲಿಷಿನ ಮೋಡಲ್ ವರ್ಬ್‌ಗಳು ಒಂದರ ಪಕ್ಕ ಒಂದು ಕೂರುವುದಿಲ್ಲ. ‘ಐ ವಿಲ್ ಕ್ಯಾನ್ ಡು’ ಅಂತ ನಾವು ಮೊದಲ ಸೆಮಿಸ್ಟರಿನ ಸೆಮಿನಾರಿನಲ್ಲಿ ಧೈರ್ಯವಾಗಿ ಹೇಳಿದ್ದೆವು. ಅದು ‘ವಿಲ್ ಬಿ ಏಬಲ್ ಟು’ ಆಗಬೇಕು. ಹಾಗೇ ‘ಮೇ ಮಸ್ಟ್’ ಅಲ್ಲ, ‘ಮೇ ಹ್ಯಾವ್ ಟು’. ಅವನು, ಅವಳು ಅಂತ ಬಂದರೂ ಇವುಗಳಿಗೆ ‘ಎಸ್’ ಹತ್ತುವುದಿಲ್ಲ, ‘ಹಿ ಕ್ಯಾನ್ಸ್’ ಇಲ್ಲ. ನಮ್ಮ ‘ಬೇಕು’ ಕೂಡ ನಾನು, ನೀನು, ಅವರು ಯಾರು ಬಂದರೂ ‘ಬೇಕು’ ಆಗಿಯೇ ಇರುತ್ತದೆ ಅಂತ ನೆನಪಿಟ್ಟುಕೊಂಡರೆ ಸಾಕು.

ಮೂರನೆಯದು ಮರ್ಯಾದೆಯ ವಿಷಯ. ನಮ್ಮಲ್ಲಿ ಒಬ್ಬ ಲೆಕ್ಚರರಿಗೆ ಮೇಲ್ ಬರೆದ: ‘ಸರ್, ಯು ಮಸ್ಟ್ ಸೈನ್ ಮೈ ಫಾರ್ಮ್ ಟುಡೇ.’ ಅವನ ಮನಸ್ಸಿನಲ್ಲಿ ಇದ್ದದ್ದು ‘ಸಾರ್, ಇವತ್ತು ಸೈನ್ ಮಾಡಿಕೊಡಬೇಕು’ ಅನ್ನೋ ವಿನಂತಿ. ಕನ್ನಡದಲ್ಲಿ ‘ತಾವು ಬರಬೇಕು’ ಅನ್ನೋದು ಆಮಂತ್ರಣ, ‘ಬರಲೇಬೇಕು’ ಅನ್ನೋದು ಇನ್ನೂ ಹೆಚ್ಚಿನ ಪ್ರೀತಿ. ಮದುವೆ ಪತ್ರ ಕೊಡುವಾಗ ‘ಬರಲೇಬೇಕು’ ಅನ್ನದಿದ್ದರೆ ನೆಂಟರು ಬೇಜಾರು ಮಾಡಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲೂ ಊಟಕ್ಕೆ ಕರೆಯುವಾಗ ‘ಯು ಮಸ್ಟ್ ಕಮ್’ ಅಂತಾರೆ, ಅಲ್ಲಿ ಅದು ಪ್ರೀತಿಯೇ. ಆದರೆ ನಮ್ಮ ಕೆಲಸ ಮಾಡಿಕೊಡಿ ಅಂತ ಕೇಳುವಾಗ ಅದೇ ‘ಮಸ್ಟ್’ ಅಪ್ಪಣೆ ಆಗಿಬಿಡುತ್ತದೆ. ಕನ್ನಡದಲ್ಲಿ ಮರ್ಯಾದೆ ‘ನೀವು’, ‘ತಾವು’, ‘ಕೊಡಿ’, ‘ರೀ’ಗಳಲ್ಲಿ ಕೂತಿದೆ. ಇಂಗ್ಲಿಷಿನಲ್ಲಿ ರಾಜನಿಗೂ ನಾಯಿಮರಿಗೂ ಒಂದೇ ‘ಯು’. ಹಾಗಾಗಿ ಅವರು ಮರ್ಯಾದೆಯನ್ನು ‘ಕುಡ್’, ‘ವುಡ್’ಗಳಲ್ಲಿ ಇಟ್ಟಿದ್ದಾರೆ. ‘ಕುಡ್ ಯು ಪ್ಲೀಸ್ ಸೈನ್’ ಅಂದರೆ ನಮ್ಮ ‘ಸೈನ್ ಮಾಡಿಕೊಡಬೇಕು ಸಾರ್’ ಅಂದಂತೆ. ಲೆಕ್ಚರರ್ ಒಳ್ಳೆಯವರು, ಸೈನ್ ಮಾಡಿ “ಮಸ್ಟ್ ಅಂದ್ಯಲ್ಲಪ್ಪ, ಮಾಡದೇ ಇರೋಕಾಗುತ್ತಾ” ಅಂದರಂತೆ.

ಮುಂದಿನ ರಜೆಯಲ್ಲಿ ನಾಲ್ವರೂ ಬ್ರಹ್ಮಗಿರಿಗೆ ಹೋಗಿದ್ದೆವು. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು. ಸ್ಕೂಲ್ ಟ್ರಿಪ್ಪಿನಲ್ಲಿ ನೋಡಿದ್ದೆವು, ಬಂಡೆ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೆವು. ಈ ಸಲ ಅದರಲ್ಲಿ ಏನಿದೆ ಅಂತ ಓದಿಕೊಂಡು ಹೋದೆವು. ಅದು ಶುರುವಾಗುವುದೇ ಒಂದು ಆಫೀಸ್ ಪತ್ರದ ಹಾಗೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು. ಮೊದಲು ಆರೋಗ್ಯ ವಿಚಾರಣೆ, ಆಮೇಲೆ ಆಜ್ಞೆ. ಹೆಡ್ ಆಫೀಸಿನಿಂದ ಬ್ರಾಂಚಿಗೆ ಬಂದ ಸರ್ಕ್ಯುಲರ್ ಅನ್ನಿ! ಕೊನೆಯ ಭಾಗದಲ್ಲಿ ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಅಂತ ಬರುತ್ತದೆ. ಪ್ರಾಕೃತದಲ್ಲಿ ಈ ‘ಬೇಕು’ಗಳೆಲ್ಲ ಕ್ರಿಯಾಪದಕ್ಕೆ ಅಂಟಿದ ‘ತವಿಯ’ ಅನ್ನೋ ಪ್ರತ್ಯಯದಲ್ಲಿವೆ. ಸಂಸ್ಕೃತದಲ್ಲಿ ಅದೇ ‘ತವ್ಯ’. ನಾವು ದಿನಾ ಬಳಸುವ ‘ಕರ್ತವ್ಯ’ದಲ್ಲಿರೋದು ಅದೇ ತವ್ಯ. ಕರ್ತವ್ಯ ಅಂದರೆ ಮಾಡಬೇಕಾದದ್ದು.

ಬಂಡೆ ಮುಂದೆ ನಿಂತಾಗ ನಮಗೆ ಬಂದ ಯೋಚನೆ ಒಂದೇ. ಇದು ಪ್ರಾಕೃತ. ಈ ಸೀಮೆಯ ಸಾಮಾನ್ಯ ಜನರ ಮಾತು ಅದಲ್ಲ. ಅಂದರೆ ಎರಡು ಸಾವಿರದ ಇನ್ನೂರು ವರ್ಷದ ಹಿಂದೆಯೂ ಇಲ್ಲಿ ಯಾರೋ ಒಬ್ಬರು ಅದನ್ನು ಓದಿ, ನಮ್ಮ ಜನಕ್ಕೆ ಅವರ ಮಾತಿನಲ್ಲಿ ಹೇಳಿರಬೇಕು. ಅವರು ‘ಬೇಕು’ ಅನ್ನೋದನ್ನು ‘ಬೇಕು’ ಅಂತಲೇ ಹೇಳಿದರೋ, ಹೆದರಿ ಇನ್ನೇನಾದರೂ ಸೇರಿಸಿದರೋ! ಅವತ್ತು ಅಪ್ಪಾಜಿಯ ಮುಂದೆ ಆ ಕೆಲಸಕ್ಕೆ ಕೂತಿದ್ದವರು ನಾವು.

ಕಾಲೇಜಿಗೆ ಬಂದ ಮೇಲೆ ಇನ್ನೊಂದು ಗಮನಿಸಿದೆವು. ನಮ್ಮ ಇಂಜಿನಿಯರಿಂಗ್ ನಿಂತಿರುವುದೇ ಈ ಪದಗಳ ಮೇಲೆ. ನಮ್ಮಲ್ಲಿ ಒಬ್ಬ ಸಿವಿಲ್. ಅವನ ಐಎಸ್ 456:2000ರಲ್ಲಿ ಫುಟಿಂಗಿಗೆ ಕನಿಷ್ಠ ಕವರ್ 50 ಮಿ.ಮೀ. ಅನ್ನೋ ಕಡೆ ಇರುವ ಪದ ‘ಶಲ್’. ಅಲ್ಲಿ ‘ಸಾರ್, 40 ನಡೆಯುತ್ತೆ’ ಅನ್ನೋ ಹಾಗಿಲ್ಲ. ಇನ್ನೊಬ್ಬ ಕಂಪ್ಯೂಟರ್ ಸೈನ್ಸ್. ಇಂಟರ್ನೆಟ್ಟಿನ ಪ್ರೋಟೋಕಾಲ್‌ಗಳನ್ನು ಬರೆಯುವವರಿಗಾಗಿ 1997ರ ಮಾರ್ಚಿನಲ್ಲಿ ಸ್ಕಾಟ್ ಬ್ರಾಡ್ನರ್ ಅನ್ನೋರು ಆರ್‌ಎಫ್‌ಸಿ 2119 ಅಂತ ಒಂದು ಸಣ್ಣ ದಾಖಲೆ ಬರೆದರು. ಅದರ ವಿಷಯ ಇಷ್ಟೇ: ಮಸ್ಟ್, ಶುಡ್, ಮೇ ಅಂದರೆ ಏನು? ಮಸ್ಟ್ ಮತ್ತು ಶಲ್ ಅಂದರೆ ಮಾಡಲೇಬೇಕು. ಮಸ್ಟ್ ನಾಟ್ ಅಂದರೆ ಮಾಡಲೇಕೂಡದು. ಶುಡ್ ಅಂದರೆ ಮಾಡಬೇಕು, ಆದರೆ ಸರಿಯಾದ ಕಾರಣ ಇದ್ದು, ಪರಿಣಾಮ ಪೂರ್ತಿ ಅರ್ಥ ಮಾಡಿಕೊಂಡು ಬಿಡಬಹುದು. ಮೇ ಅಂದರೆ ನಿಮ್ಮಿಷ್ಟ. ಇಂಗ್ಲಿಷ್ ಮಾತಾಡುವ ಇಂಜಿನಿಯರ್‌ಗಳೇ ಈ ಪದಗಳಲ್ಲಿ ಗಲಿಬಿಲಿ ಆಗಬಾರದು ಅಂತ ಕೂತು ಅರ್ಥ ಬರೆದುಕೊಂಡಿದ್ದಾರೆ ಅಂದಮೇಲೆ, ನಾವು ಯಾಕೆ ನಾಚಿಕೆಪಡಬೇಕು?

ಆದರೆ ಬ್ಯಾಂಕಿನ ‘ಮೇ’ ಆರ್‌ಎಫ್‌ಸಿಯ ‘ಮೇ’ ಅಲ್ಲ, ಅದನ್ನೂ ಹೇಳಬೇಕು. ‘ಬ್ಯಾಂಕ್ ಮೇ’ ಅಂದರೆ ಮಾಡೇ ಮಾಡುತ್ತದೆ ಅಂತಲ್ಲ. ಸುಮ್ಮನೆ ಹೆದರಿಸುವ ಮಾತೂ ಅಲ್ಲ. ಮಾಡುವ ಅಧಿಕಾರ ನಮ್ಮ ಕೈಲಿದೆ, ಮಾಡುವುದು ಬಿಡುವುದು ನಮ್ಮ ತೀರ್ಮಾನ ಅಂತ. ‘ಬಾರೋವರ್ ಮೇ’ ಅಂದರೂ ಅದೇ. ಅಧಿಕಾರ ಸಾಲಗಾರನ ಕೈಲಿದೆ. ಎರಡೂ ‘ಮೇ’ಗಳ ತೂಕ ಒಂದೇ. ಪತ್ರ ಓದುವಾಗ ಯಾರ ಪಕ್ಕದಲ್ಲಿ ಯಾವ ಪದ ಕೂತಿದೆ ಅಂತ ನೋಡಬೇಕು. ಬ್ಯಾಂಕಿನ ಪಕ್ಕ ‘ಮೇ’, ನಮ್ಮ ಪಕ್ಕ ‘ಶಲ್’ ಇದ್ದರೆ ಹುಷಾರಾಗಬೇಕು. ನಮ್ಮ ಪಕ್ಕ ‘ಮೇ’ ಇದ್ದರೆ ಅದರ ಕೆಳಗೆ ಗೆರೆ ಎಳೆಯಬೇಕು.

ಕಳೆದ ತಿಂಗಳು ಅಪ್ಪಾಜಿ ವಾಟ್ಸಾಪಿನಲ್ಲಿ ಇನ್ನೊಂದು ಪತ್ರದ ಫೋಟೋ ಕಳಿಸಿದ್ದರು. ಮಗ್ಗದ ವಿಮೆಯದು. ನಾಲ್ವರೂ ಕೂತು ಹಾಳೆಯ ಮೇಲೆ ಮೂರು ಕಾಲಂ ಎಳೆದು, ಒಂದೊಂದು ಸಾಲನ್ನೂ ಅದರ ಜಾಗದಲ್ಲಿ ಬರೆದೆವು. ಎರಡು ಸಲ ಓದಿದೆವು. ಆಮೇಲೆ ಫೋನ್ ಮಾಡಿದೆವು. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು, ನಿಂತಿತು.

“ಹೇಳ್ರಪ್ಪ. ಇದ್ರಾಗೆ ಬೇಕು ಎಷ್ಟೈತೆ, ಬಹುದು ಎಷ್ಟೈತೆ?”

“ಮೂರು ಬೇಕು, ಎರಡು ಬಹುದು, ಒಂದು ಬಾರದು ಅಪ್ಪಾಜಿ.”

“ಬಾರದು ಯಾವ್ದು? ಅದನ್ನ ಮೊದ್ಲು ಹೇಳ್ರಿ.”